ನಿಂತವರ ಲೆಕ್ಕ

ಬಸ್ ಮೇಡಂ ಮಹಡಿಯಿಂದ ಕೆಳಗಿಳಿಯುವ ಹೊತ್ತಿಗೆ ಅವರ ಅತ್ತಿಗೆ ಅಣ್ಣನ ಬಾಯಿ ಮೂಸುತ್ತಿದ್ದರು. ಈಚೆಗೆ ಆ ಮನೆಯಲ್ಲಿ ಇದು ಹಲ್ಲುಜ್ಜುವಷ್ಟೇ ಕಟ್ಟುನಿಟ್ಟಿನ ದಿನಚರಿ. ಅಣ್ಣ ಕೆಲಸಕ್ಕೆ ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ, ನಡುವೆ ಚಪ್ಪಲಿ ಕೊಳ್ಳಲು ಹೋಗಿಬಂದರೂ ಇನ್ನೊಮ್ಮೆ ಹೊಸ್ತಿಲ ಮೇಲೆ ನಿಂತು ಬಾಯಿ ಅಗಲಿಸಬೇಕು. ಅತ್ತಿಗೆ ತಮ್ಮ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಬಣ್ಣ ಬಿಡುತ್ತದೋ ಇಲ್ಲವೋ ಎಂದು ನೋಡುವಾಗಿನ ಮುಖ ಮಾಡಿಕೊಂಡು, ತುದಿಗಾಲಲ್ಲಿ ನಿಂತು ಮೂಗು ಮುಂದೆ ಚಾಚಬೇಕು. ಒಂದು ದಿನ ಈರುಳ್ಳಿ ಸಿಕ್ಕಿತು, ಇನ್ನೊಂದು ದಿನ ಲವಂಗ. ಹುಡುಕುತ್ತಿದ್ದದ್ದು ಮಾತ್ರ ಸಿಗಲಿಲ್ಲ. ಸಿಗದೆ ಹೋದದ್ದರಿಂದ ಅತ್ತಿಗೆಯ ಅನುಮಾನ ಇಳಿಯುವ ಬದಲು ಏರಿತು. ವಾಸನೆಯೇ ಇಲ್ಲದ ಮಾಲು ಎಂದರೆ ದೊಡ್ಡವರು ಕುಡಿಯುವ ಮಾಲು; ದೊಡ್ಡವರ ಮಾಲು ಎಂದರೆ ಮ್ಯಾನೇಜರನೇ ಕೊಡಿಸಿರಬೇಕು; ಮ್ಯಾನೇಜರ್ ಕೊಡಿಸಿದ ಎಂದರೆ ಕಾರ್ಮಿಕ ಸಂಘವನ್ನು ಅವನಿಗೆ ಮಾರಿಕೊಂಡಂತೆಯೇ. ಹೀಗೆ ಅವರ ತರ್ಕ ಮೂಗಿನ ತುದಿಯಿಂದ ಹೊರಟು ದುಡಿಯುವ ವರ್ಗದ ಸೋಲಿನವರೆಗೂ ಒಂದೇ ಉಸಿರಿಗೆ ಹೋಗಿ ಮುಟ್ಟುತ್ತಿತ್ತು.

ಅನುಮಾನಕ್ಕೆ ಕಾರಣ ಇರಲಿಲ್ಲವೆಂದಲ್ಲ. ನಡುಮನೆಯಿಂದ ಅಡುಗೆಮನೆಗೆ ಹೋಗಬೇಕಾದರೆ ಅಣ್ಣ ಈಗ ಎರಡೂ ಕಡೆಯ ಗೋಡೆಗಳ ಕ್ಷೇಮ ವಿಚಾರಿಸಿಕೊಂಡೇ ಹೋಗುತ್ತಿದ್ದ. ಅಂಗಿಯ ಗುಂಡಿ ತನ್ನ ಮನೆ ಬಿಟ್ಟು ಪಕ್ಕದ ಮನೆ ಹೊಕ್ಕಿರುತ್ತಿತ್ತು. ನಾಲಗೆ ನೆನೆದ ಹಗ್ಗದಂತೆ ಭಾರ. ಪಕ್ಕಕ್ಕೆ ನೋಡು ಎಂದರೆ ಕಣ್ಣುಗುಡ್ಡೆಗಳು ನೋಡುವುದನ್ನು ಬಿಟ್ಟು ಕುಣಿಯಲು ನಿಲ್ಲುತ್ತಿದ್ದವು.

ಬೇರೆ ಯಾರಾದರೂ ಆಗಿದ್ದರೆ ಜನ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಇವನು ನೀರಣ್ಣ. ಜ್ವರ ನೋಡುವ ಥರ್ಮಾಮೀಟರ್ ತಯಾರಿಸುವ ಕಾರ್ಖಾನೆಯಲ್ಲಿ, ಗಾಜಿನ ಕಡ್ಡಿಗೆ ಪಾದರಸ ತುಂಬುವ ಕೋಣೆಯಲ್ಲಿ ಅವನ ಕೆಲಸ. ಸಂಘದ ಕಾರ್ಯದರ್ಶಿಯೂ ಅವನೇ. ಎಂಥ ಕೂಟದಲ್ಲೂ ಎಲ್ಲರ ಲೋಟದಲ್ಲಿ ಬೇರೇನೋ ಇದ್ದರೆ ಅವನದರಲ್ಲಿ ನೀರು. ಸಂಬಳದ ದಿನ ಹೆಂಡದಂಗಡಿಯ ಎದುರಿಗೆ ನಿಂತು, ಒಳಗೆ ಹೋಗುವ ಸಂಗಾತಿಗಳನ್ನು ಹೆಸರು ಹಿಡಿದು ಕೂಗಿ ಮಾನ ಕಳೆಯುತ್ತಿದ್ದವನು. ಮಾಲೀಕನ ಒಂದು ಕೈ ಕೊಟ್ಟ ಕೂಲಿಯನ್ನು ಅವನ ಇನ್ನೊಂದು ಕೈ ವಾಪಸು ಕಿತ್ತುಕೊಳ್ಳುವ ಜಾಗ ಅದು, ಅಲ್ಲಿ ಅಮಲೇರುವುದು ನಿಮಗಲ್ಲ, ಮಾಲೀಕನಿಗೆ ಎಂದು ಅವನ ಭಾಷಣ. ಅಂಥವನು ತೂರಾಡುತ್ತಿದ್ದ.

ಬಸ್ ಮೇಡಂ ಈ ನೀರಣ್ಣನ ತಂಗಿ. ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರದ ಪಾಠ ಹೇಳುವವರು. ಮಾತ್ರೆ ನುಂಗಿದ ಮೇಲೆ ಅದು ರಕ್ತದೊಳಗೆ ಹೇಗೆ ಓಡಾಡುತ್ತದೆ ಎಂಬುದನ್ನು ತರಗತಿಯನ್ನೇ ಬಸ್ಸು ಮಾಡಿ ಆಡಿಸಿ ತೋರಿಸುತ್ತಿದ್ದರಿಂದ ಆ ಹೆಸರು. ತಲೆಗೂದಲು ಬೆಳ್ಳಗಾದರೂ ಅಣ್ಣನಿಗೆ ಮಾತ್ರ ಪುಟ್ಟಿ.

ಆ ಮನೆಯ ಮೂವರಿಗೆ ಮತ್ತು ಒಬ್ಬ ಡಾಕ್ಟರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲದ ಸಂಗತಿ ಒಂದಿತ್ತು. ಅಣ್ಣನಿಗೆ ಚಿಕ್ಕಂದಿನಿಂದ ಫಿಟ್ಸ್. ಒಂದೇ ಮಾತ್ರೆಯನ್ನು ತಪ್ಪದೆ ನುಂಗಿಕೊಂಡು ಬಂದದ್ದರಿಂದ ಅದು ಎಷ್ಟೋ ವರ್ಷಗಳಿಂದ ತಲೆ ಎತ್ತಿರಲಿಲ್ಲ. ಕಾರ್ಖಾನೆಗೆ ಹೇಳಿರಲಿಲ್ಲ. ಗಾಜು ಹಿಡಿಯುವ ಕೈಗೆ ಫಿಟ್ಸ್ ಇದೆ ಎಂದು ತಿಳಿದರೆ ಕಂಪನಿಯವರು ಮಾತ್ರೆಯ ಹೆಸರನ್ನೂ ಕೇಳದೆ ಗೇಟಿನ ಹೊರಗೆ ನಿಲ್ಲಿಸುತ್ತಾರೆ. ಸಂಘದ ಕಾರ್ಯದರ್ಶಿಯಾದರಂತೂ ಆರತಿ ಎತ್ತಿ ಕಳಿಸುತ್ತಾರೆ. ಮಾತ್ರೆಯ ಉಸ್ತುವಾರಿ ಎಲ್ಲ ತಂಗಿಯದು. ಹಳೆಯ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಂತೆ, ಆಗಾಗ ಅಣ್ಣನನ್ನು ಎಳೆದೊಯ್ದು ರಕ್ತದಲ್ಲಿ ಔಷಧ ಎಷ್ಟಿದೆ ಎಂದು ಪರೀಕ್ಷೆ ಮಾಡಿಸುತ್ತಿದ್ದರು.

ಈ ಸಲ ಅದು ತೀರಾ ಕಡಿಮೆ ಬಂದಿತ್ತು.

ಮೇಡಂ ಅಣ್ಣನನ್ನು ಕೂರಿಸಿಕೊಂಡು ವಿಚಾರಣೆ ನಡೆಸಿದ್ದರು. ಮಾತ್ರೆ ನುಂಗುತ್ತಿದ್ದೀಯೋ, ಹೂಕುಂಡಕ್ಕೆ ಹಾಕುತ್ತಿದ್ದೀಯೋ ಎಂದು ಕೇಳಿದ್ದರು. ಅವನು ತಂದೆತಾಯಿಯ ಆಣೆ ಹಾಕಿದ. ಅದೇ ತಂದೆತಾಯಿಯ ಆಣೆಯನ್ನು ಅವನು ಚಿಕ್ಕವನಿದ್ದಾಗ ಎಂತೆಂಥದಕ್ಕೆಲ್ಲ ಹಾಕಿದ್ದ ಎಂಬುದನ್ನು ಬಲ್ಲ ತಂಗಿ ನಂಬಲಿಲ್ಲ. ನರದ ಡಾಕ್ಟರಿಗೆ ಫೋನು ಮಾಡಿದರು. ನರದ ಡಾಕ್ಟರು ಒಂದು ಕಾಲದಲ್ಲಿ ಅವರ ವಿದ್ಯಾರ್ಥಿ, ಈಗಲೂ ಫೋನಿನಲ್ಲಿ ಮೇಡಂ ದನಿ ಕೇಳಿದರೆ ಕುರ್ಚಿಯಿಂದ ಏಳುವವನು. ಪ್ರಮಾಣ ಜಾಸ್ತಿ ಮಾಡೋಣ ಎಂದು ಮೇಡಂ ಹೇಳಿದರು. ಮಾಡೋಣ ಮೇಡಂ ಎಂದು ಅವನು ಹೇಳಿದ. ಅಂದಿನಿಂದ ಮೇಡಂ ಎದುರಿಗೇ ನಿಂತು ನುಂಗಿಸತೊಡಗಿದರು, ನುಂಗಿದ ಮೇಲೆ ನಾಲಗೆ ಎತ್ತಿಸಿ ಕೆಳಗೆ ಇಣುಕತೊಡಗಿದರು. ಅಣ್ಣನ ಬಾಯಿ ಹೀಗೆ ಆ ಮನೆಯ ಸಾರ್ವಜನಿಕ ಸ್ಥಳವಾಯಿತು: ತಂಗಿ ಒಳಗೆ ನೋಡುವವಳು, ಹೆಂಡತಿ ಹೊರಗಿನಿಂದ ಮೂಸುವವಳು. ಮತ್ತೆ ಪರೀಕ್ಷೆ ಮಾಡಿಸಿದಾಗ ಅಂಕಿ ಅಷ್ಟಿಷ್ಟು ಏರಿತ್ತು, ಆದರೂ ಕಡಿಮೆಯೇ. ಮೇಡಂ ಮತ್ತೆ ಫೋನು ಮಾಡಿದರು. ಪ್ರಮಾಣ ಮತ್ತೆ ಏರಿತು. ಗೋಡೆಗಳ ಕ್ಷೇಮ ವಿಚಾರಣೆ ಶುರುವಾದದ್ದು ಅದರ ನಂತರ. ಮಾತ್ರೆ ಕಡಿಮೆ ಇರುವವನಿಗೆ ಮಾತ್ರೆಯಿಂದ ತೂರಾಟ ಬರುವುದುಂಟೆ? ಹಾಗಾಗಿ ಮೇಡಮ್ಮಿಗೂ ಅತ್ತಿಗೆಯ ಅನುಮಾನವೇ ಸರಿ ಎನ್ನಿಸಿತು.

ಅನುಮಾನ ಹೊಸ್ತಿಲು ದಾಟಿ ಊರು ಸೇರಿದ್ದು ಗೇಟಿನ ಸಭೆಯ ದಿನ. ಪಾದರಸದ ಕೋಣೆಗೆ ಗಾಳಿ ಎಳೆಯುವ ಫ್ಯಾನು ಬೇಕು ಎಂದು ಸಂಘ ಬಹಳ ಕಾಲದಿಂದ ಕೇಳುತ್ತಿತ್ತು. ಪಾದರಸ ಇರುವುದು ಗಾಜಿನೊಳಗೆ, ನಿಮ್ಮ ಮೂಗಿನೊಳಗಲ್ಲ ಎಂದು ಮ್ಯಾನೇಜರ್ ಪ್ರತಿಸಲವೂ ಹೇಳಿ ಕಳಿಸುತ್ತಿದ್ದ. ಅಂದು ಅಣ್ಣ ಮರದ ಪೆಟ್ಟಿಗೆಯ ಮೇಲೆ ಹತ್ತಿ ಫ್ಯಾನಿನಿಂದ ಶುರುಮಾಡಿ, ಅಭ್ಯಾಸಬಲದಿಂದ ಕುಡಿತಕ್ಕೆ ಬಂದ. ಕುಡುಕ ಕಾರ್ಮಿಕ ಮಾಲೀಕನ ಊರುಗೋಲು ಎನ್ನುವ ತನ್ನ ಹಳೆಯ ಮಾತನ್ನು ಹೇಳಲು ಹೊರಟ. ಊರುಗೋಲು ಎಂಬುದು ನಾಲಗೆಯ ಮೇಲೆ ಉರುಳಿ, ಹೊರಳಿ, ಯಾವ ನಿಘಂಟಿನಲ್ಲೂ ಇಲ್ಲದ ಏನೋ ಆಗಿ ಹೊರಬಿತ್ತು. ಜನ ಅವನು ಕುಡುಕನ ಅಣಕ ಮಾಡುತ್ತಿದ್ದಾನೆಂದು ತಿಳಿದು ಚಪ್ಪಾಳೆ ತಟ್ಟಿದರು. ಅಣ್ಣ ಎರಡೂ ಕೈ ಗಾಳಿಯಲ್ಲಿ ತೂಗಿಸಿ ಪೆಟ್ಟಿಗೆಯಿಂದ ಜಾರಿದಾಗ ಚಪ್ಪಾಳೆ ಇನ್ನೂ ಜೋರಾಯಿತು. ಹಿಂದಿನ ಸಾಲಿನವರು ಕಾಣಲಿಲ್ಲ, ಇನ್ನೊಂದು ಸಲ ಆಗಲಿ ಎಂದರು. ಚಪ್ಪಾಳೆ ತಟ್ಟದವನು ಒಬ್ಬನೇ, ಕೋಣೆಯ ಸೂಪರ್‌ವೈಸರ್. ಹೊತ್ತಿಗೆ ಸರಿಯಾಗಿ ಬಂದು, ಹೊತ್ತಿಗೆ ಸರಿಯಾಗಿ ಬೈದು ಹೋಗುವ ಅವನನ್ನು ಎಲ್ಲರೂ ಗಡಿಯಾರ ಎನ್ನುತ್ತಿದ್ದರು. ಅಣ್ಣ ಬಿದ್ದದ್ದು ನೇರವಾಗಿ ಗಡಿಯಾರದ ತೋಳಿಗೆ.

ಕೆಲಸದ ಜಾಗಕ್ಕೆ ಕುಡಿದು ಬಂದ ಆರೋಪದ ಮೇಲೆ ಅಣ್ಣನನ್ನು ಅಮಾನತಿನಲ್ಲಿಟ್ಟು, ವಿಚಾರಣೆಗೆ ದಿನ ಗೊತ್ತುಮಾಡಿದರು. ಆರೋಪ ಸಾಬೀತಾದರೆ ಕೆಲಸ ಹೋಯಿತು; ತಾನೇ ತಪ್ಪೊಪ್ಪಿಕೊಂಡು ಕ್ಷಮೆ ಬರೆದುಕೊಟ್ಟರೆ ದಂಡ ಹಾಕಿ ಉಳಿಸಿಕೊಳ್ಳುತ್ತಾರೆ. ಬಾಯಿ ಊದಿಸಿ ನೋಡುವ ಯಂತ್ರವನ್ನು ಯಾರೂ ತರಲಿಲ್ಲ. ಬಡವನ ಕಾಲು ತಡವರಿಸಿದರೆ ಕಂಪನಿಯ ಕಣ್ಣಿಗೆ ಮೊದಲು ಕಾಣುವುದು ಬಾಟಲಿ, ಯಂತ್ರವೇಕೆ ಬೇಕು?

ಅಮಾನತಾದವನನ್ನು ಮನೆಯಲ್ಲಿ ಒಬ್ಬನೇ ಬಿಟ್ಟರೆ ಇನ್ನೇನು ಗಂಟಲಿಗೆ ಸುರಿದುಕೊಳ್ಳುತ್ತಾನೋ ಎಂದು ಅವನನ್ನು ಪಾಳಿಯ ಮೇಲೆ ಕಾಯುವುದಾಯಿತು. ಬೆಳಿಗ್ಗೆ ಹೊಲಿಗೆ ಅಂಗಡಿಯಲ್ಲಿ ಅತ್ತಿಗೆಯ ಕಣ್ಣಳತೆಯಲ್ಲಿ, ಆಮೇಲೆ ಕಾಲೇಜಿನಲ್ಲಿ ತಂಗಿಯ ಕಣ್ಣಳತೆಯಲ್ಲಿ. ಹೀಗಾಗಿ ಬಸ್ಸಿನ ಪಾಠದ ದಿನ ನೀರಣ್ಣ ತರಗತಿಯ ಹಿಂದಿನ ಗೋಡೆಗೆ ಒರಗಿ ಕೂತಿದ್ದ.

ಪಾಠ ಹೀಗೆ. ತರಗತಿಯೇ ರಕ್ತ, ಅದೇ ಬಸ್ಸು. ಬೆಂಚುಗಳು ರಕ್ತದಲ್ಲಿ ತೇಲುವ ಆಲ್ಬುಮಿನ್ ಎಂಬ ಪ್ರೋಟೀನು, ಅವೇ ಸೀಟು. ವಿದ್ಯಾರ್ಥಿಗಳು ಔಷಧದ ಕಣಗಳು, ಅವರೇ ಪ್ರಯಾಣಿಕರು. ಒಳಬಂದ ಔಷಧದಲ್ಲಿ ಹೆಚ್ಚಿನ ಪಾಲು ಸೀಟು ಹಿಡಿದು ಕೂತುಬಿಡುತ್ತದೆ. ಕೂತವರು ಮಿದುಳಿನ ಬಾಗಿಲಲ್ಲಿ ಇಳಿಯುವಂತಿಲ್ಲ, ಲಿವರಿನ ಬಾಗಿಲಲ್ಲಿ ಹೊರಹೋಗುವಂತೆಯೂ ಇಲ್ಲ. ಇಳಿದು ಕೆಲಸ ಮಾಡುವವರು ನಿಂತಿರುವ ಕೆಲವೇ ಮಂದಿ. ಅವರು ಇಳಿದರೆ ಕೂತವರಲ್ಲಿ ಕೆಲವರು ಎದ್ದು ನಿಲ್ಲುತ್ತಾರೆ, ಅವರ ಸೀಟಿಗೆ ಹೊಸಬರು ಬರುತ್ತಾರೆ. ಏಳುವುದು, ಕೂರುವುದು ನಡೆದೇ ಇರುತ್ತದೆ. ಲಿವರಿನ ಬಾಗಿಲಲ್ಲಿ ಒಬ್ಬ ಕಂಡಕ್ಟರ್. ಅಂದಿನ ಪಾಠ ಅಣ್ಣ ನುಂಗುವ ಫಿಟ್ಸ್ ಮಾತ್ರೆಯದೇ; ಅದರ ವಿಷಯದಲ್ಲಿ ಅವನು ಬಲು ಸಾವಧಾನಿ. ಇಷ್ಟೇ ಜನರನ್ನು ಬಿಡುತ್ತಾನೆ. ಎಷ್ಟೇ ನೂಕಿದರೂ ಅದಕ್ಕಿಂತ ಹೆಚ್ಚು ಬಿಡುವವನಲ್ಲ.

ಹಿಂದಿನಿಂದ ಅಣ್ಣ ಕೈಯೆತ್ತಿದ. ಭಾರದ ನಾಲಗೆಯಲ್ಲೇ, ಒಂದೊಂದು ಪದವನ್ನೂ ಎತ್ತಿ ಇಟ್ಟಂತೆ ಕೇಳಿದ.

"ಹಾಗಾದ್ರೆ ಸೀಟಲ್ಲಿ ಕೂತಿರೋರು ಏನೂ ಕೆಲಸ ಮಾಡಲ್ಲ. ನಿಂತಿರೋರೇ ಎಲ್ಲಾ ಮಾಡೋದು. ಅಲ್ವಾ ಪುಟ್ಟಿ?"

"ಹೌದು."

"ಇದನ್ನ ಕಲಿಯೋಕೆ ಡಾಕ್ಟರ್ ಓದಬೇಕಾ? ನಮ್ಮ ಆಫೀಸಿಗೆ ಬಂದು ನೋಡಿದ್ರೆ ಸಾಕಲ್ಲ."

ತರಗತಿ ಬಿದ್ದು ಬಿದ್ದು ನಕ್ಕಿತು. ಮೇಡಂಗೆ ಪುಟ್ಟಿ ಎಂಬ ಹೆಸರೂ ಇದೆ ಎಂದು ತಿಳಿದದ್ದಕ್ಕೆ ಇನ್ನಷ್ಟು ನಕ್ಕಿತು. ಮೇಡಂ ಡಸ್ಟರಿನಿಂದ ಮೇಜು ಬಡಿದು ಆಟ ಶುರುಮಾಡಿಸಿದರು.

ಆದರೆ ಅಂದು ಬಸ್ಸಿನಲ್ಲಿ ಸೀಟುಗಳೇ ಇರಲಿಲ್ಲ. ಯಾವುದೋ ಪರೀಕ್ಷೆಗೆಂದು ಜವಾನರು ಬೆಂಚುಗಳನ್ನೆಲ್ಲ ಕೆಳಗಿನ ಹಾಲಿಗೆ ಹೊತ್ತುಕೊಂಡು ಹೋಗಿದ್ದರು. ಮುರಿದವೆಂದು ಬಿಟ್ಟುಹೋದ ಕೆಲವು ಮೂಲೆಯಲ್ಲಿದ್ದವು. ಇರುವುದರಲ್ಲೇ ಆಡಿ ಎಂದರು ಮೇಡಂ. ಎಂದಿನ ಪ್ರಮಾಣದಲ್ಲೇ ಪ್ರಯಾಣಿಕರು ಹತ್ತಿದರು. ಕೂರಲು ಜಾಗವಿಲ್ಲ, ಹೆಚ್ಚಿನವರು ನಿಂತರು. ನಿಂತವರನ್ನು ಕಂಡಕ್ಟರ್ ತನ್ನ ಪಾಡಿಗೆ ಲಿವರಿನ ಬಾಗಿಲಿನಿಂದ ಹೊರಗೆ ಬಿಡುತ್ತಾ ಹೋದ. ಸ್ವಲ್ಪ ಹೊತ್ತಿಗೆ ಬಸ್ಸು ಬಿಕೋ ಎನ್ನತೊಡಗಿತು. ಆದರೆ ಮಿದುಳಿನ ಬಾಗಿಲಲ್ಲಿ ನಿಂತವರು ಮಾತ್ರ ಬೆಂಚು ತುಂಬಿದ ಬಸ್ಸಿನಲ್ಲಿ ಎಷ್ಟಿರುತ್ತಿದ್ದರೋ ಅಷ್ಟೇ ಇದ್ದರು. ಕಡಿಮೆಯಾಗಿದ್ದದ್ದು ಸೀಟಿನ ಜನ ಮಾತ್ರ.

ಪ್ರಯೋಗಾಲಯದ ಪಾತ್ರ ವಹಿಸಿದ್ದ ಹುಡುಗಿಯ ಕೆಲಸ ತಲೆ ಎಣಿಸುವುದು. ಕೂತ ತಲೆ, ನಿಂತ ತಲೆ ಎಂದು ಅವಳು ನೋಡುವುದಿಲ್ಲ, ಒಟ್ಟು ತಲೆ. ಎಣಿಸಿ ಮೇಡಂ ಕಡೆ ತಿರುಗಿದಳು.

"ಮೇಡಂ, ಬಸ್ಸಲ್ಲಿ ಜನ ತುಂಬಾ ಕಮ್ಮಿ. ಇನ್ನಷ್ಟು ಹತ್ತಿಸೋಣ್ವಾ?"

ಮೇಡಂ ಹತ್ತಿಸಿ ಎಂದರು. ಬಾಯಿಯಿಂದ ಮಾತು ಹೊರಬಿದ್ದ ಮೇಲೆ ಅದನ್ನೆಲ್ಲೋ ಕೇಳಿದಂತಿದೆಯಲ್ಲ ಎನ್ನಿಸಿತು. ಕೇಳಿದ್ದಲ್ಲ, ತಾವೇ ಆಡಿದ್ದು, ಫೋನಿನಲ್ಲಿ, ಎರಡು ಸಲ. ಅಷ್ಟರಲ್ಲಿ ಹೊರಗಿದ್ದ ಹುಡುಗರೆಲ್ಲ ಹೋ ಎಂದು ನುಗ್ಗಿದರು. ಕೂರಲು ಸೀಟಿಲ್ಲ. ಕಂಡಕ್ಟರ್ ತನ್ನ ಸಾವಧಾನ ಬಿಡುವವನಲ್ಲ. ಹೋಗಲು ದಾರಿ ಉಳಿದದ್ದು ಮಿದುಳಿನ ಬಾಗಿಲೊಂದೇ. ಅದರ ಒಂದು ಚಿಲಕ ಕಿತ್ತು, ಕಾರಿಡಾರಿನಲ್ಲಿ ಚಹಾದ ತಟ್ಟೆ ಹಿಡಿದು ಬರುತ್ತಿದ್ದ ಜವಾನನ ಮೇಲೆ ಇಡೀ ಔಷಧಶಾಸ್ತ್ರ ಕವುಚಿ ಬಿತ್ತು. ಬಿದ್ದವರು ನಕ್ಕರು, ತೂರಾಡಿದರು, ಗೋಡೆ ಹಿಡಿದುಕೊಂಡು ಎದ್ದರು. ಮೇಡಂ ಅವರನ್ನು ನೋಡಲಿಲ್ಲ. ಅಣ್ಣನ ಪಾದಗಳನ್ನು ನೋಡುತ್ತಿದ್ದರು. ಹೊಸ ಚಪ್ಪಲಿ, ಪಟ್ಟಿ ಕೊನೆಯ ತೂತಿನಲ್ಲಿ, ಪಟ್ಟಿಯ ಎರಡೂ ಬದಿಗೆ ಉಬ್ಬಿದ ಮಾಂಸ.

ಹೋಗಿ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, ಪ್ಯಾಂಟು ಸರಿಸಿ, ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟರು. ಹೆಬ್ಬೆರಳು ಹೋಯಿತು, ಅದರ ಗುಂಡಿ ಅಲ್ಲೇ ಉಳಿಯಿತು, ನಾದಿದ ಹಿಟ್ಟಿನ ಮೇಲೆ ಉಳಿದಂತೆ. ಮೂತ್ರದಲ್ಲಿ ನೊರೆ ಬರುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಅಣ್ಣ ತರಗತಿಯ ಕಡೆ ನೋಡಿ ನಾಚಿಕೊಂಡು, ಬಟ್ಟೆ ಸೋಪಿನ ಪುಡಿಯನ್ನು ಪಾಯಿಖಾನೆಗೆ ಸುರಿದು ಹಾಳುಮಾಡುತ್ತೀರಿ ಎಂದು ನಿನ್ನ ಅತ್ತಿಗೆ ದಿನಾ ಬೈಯುತ್ತಾಳೆ ಎಂದ.

ನೊರೆ ಸೋಪಿನದಲ್ಲ, ಪ್ರೋಟೀನಿನದು. ಅಣ್ಣನ ಮೂತ್ರಪಿಂಡ ಸೋರುತ್ತಿತ್ತು. ರಕ್ತದ ಸೀಟುಗಳೆಲ್ಲ ಮೂತ್ರದಲ್ಲಿ ಹರಿದುಹೋಗುತ್ತಿದ್ದವು. ಮೊದಲ ಪರೀಕ್ಷೆಯಲ್ಲಿ ಒಟ್ಟು ಔಷಧ ಕಡಿಮೆ ಬಂದಿದ್ದರೂ ನಿಂತು ಕೆಲಸ ಮಾಡುವ ಔಷಧ ಬೇಕಾದಷ್ಟೇ ಇತ್ತು. ಅವನು ಒಂದು ಮಾತ್ರೆಯನ್ನೂ ತಪ್ಪಿಸಿರಲಿಲ್ಲ. ಅದರ ಮೇಲೆ ತಂಗಿ ಎದುರಿಗೆ ನಿಂತು, ನಾಲಗೆ ಎತ್ತಿಸಿ, ಪ್ರಯಾಣಿಕರನ್ನು ತುಂಬಿದ್ದೇ ತುಂಬಿದ್ದು. ವರ್ಷ ವರ್ಷ ಊರಿಗೆಲ್ಲ ಬಸ್ಸು ಓಡಿಸಿದವರು ಮನೆಯ ಬಸ್ಸನ್ನೇ ಗುಂಡಿಗೆ ಇಳಿಸಿದ್ದರು.

ನರದ ಡಾಕ್ಟರಿಗೆ ಫೋನು ಮಾಡಿದಾಗ ಆ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು. ಮೇಡಂ ನಡೆದದ್ದನ್ನು ಹೇಳಿದರು. ಎರಡನೆಯ ಸಲ ಏರಿಸುವಾಗ ತನಗೂ ಅನುಮಾನ ಬಂದಿತ್ತು ಎಂದ.

"ಈ ಪ್ರಶ್ನೆಗೆ ನಿನಗೆ ಪೂರ್ತಿ ಮಾರ್ಕ್ಸ್ ಕೊಟ್ಟಿದ್ದೆ ಕಣೋ."

"ಅದಕ್ಕೇ ಅನುಮಾನ ಬಂತು ಮೇಡಂ. ಆದ್ರೆ ಹೇಳಿದ್ದು ನೀವಲ್ವಾ. ನಾನು ಹೇಗೆ..."

ಮೇಡಂ ಬೈಯಲು ಹೋಗಲಿಲ್ಲ. ಗುರುಭಕ್ತಿ ಎಂಬುದೂ ಒಂದು ಔಷಧವೇ. ಅದನ್ನು ಈ ಮಕ್ಕಳಿಗೆ ಹೊಟ್ಟೆ ಬಿರಿಯುವಷ್ಟು ಕುಡಿಸಿದವರು ಯಾರು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುಂದಿನ ಸಲ ತಾನು ತಪ್ಪು ಹೇಳಿದರೆ ಮುಖಕ್ಕೆ ಹೊಡೆದಂತೆ ಹೇಳು, ಇಲ್ಲವಾದರೆ ಕೊಟ್ಟ ಮಾರ್ಕ್ಸ್ ವಾಪಸು ಎಂದು ಹೇಳಿ ಫೋನಿಟ್ಟರು.

ರಕ್ತ ಪರೀಕ್ಷೆ ಹೆಬ್ಬೆರಳು ಹೇಳಿದ್ದನ್ನೇ ಹೇಳಿತು: ಆಲ್ಬುಮಿನ್ ತಳ ಕಂಡಿತ್ತು. ಮಾತ್ರೆಯನ್ನು ಸ್ವಲ್ಪ ಕಾಲ ನಿಲ್ಲಿಸಿ, ಆಮೇಲೆ ಹಳೆಯ ಪ್ರಮಾಣಕ್ಕೆ ಇಳಿಸಿದರು. ಸೋರುವ ಮೂತ್ರಪಿಂಡಕ್ಕೆ ಬೇರೆ ಡಾಕ್ಟರು ಚಿಕಿತ್ಸೆ ಶುರುಮಾಡಿದರು. ಅಣ್ಣನ ನಾಲಗೆ ಮೊದಲು ಹಗುರಾಯಿತು, ಕಣ್ಣು ಕುಣಿತ ನಿಲ್ಲಿಸಿತು, ಗುಂಡಿಗಳು ತಮ್ಮ ತಮ್ಮ ಮನೆ ಸೇರಿದವು. ಅತ್ತಿಗೆ ಅವನ ಕ್ಷಮೆ ಕೇಳಲಿಲ್ಲ. ಸೋಪಿನ ಪುಡಿಯ ಡಬ್ಬವನ್ನು ಮಾತ್ರ ಬಚ್ಚಿಟ್ಟ ಜಾಗದಿಂದ ತೆಗೆದು ಎಲ್ಲರಿಗೂ ಕಾಣುವಂತೆ ಇಟ್ಟರು.

ಕಾಲು ನೆಟ್ಟಗಾದ ಮೇಲೆ ನಿಜವಾದ ಇಕ್ಕಟ್ಟು ಶುರುವಾಯಿತು. ವಿಚಾರಣೆಯಲ್ಲಿ ಏನು ಹೇಳುವುದು? ಕುಡಿದಿರಲಿಲ್ಲ ಎನ್ನಬೇಕಾದರೆ ಮಾತ್ರೆಯ ಹೆಸರು ಹೇಳಬೇಕು. ಮಾತ್ರೆಯ ಹೆಸರು ಹೇಳಿದರೆ ಫಿಟ್ಸ್ ಹೇಳಿದಂತೆ. ಅತ್ತಿಗೆ ಮರ್ಯಾದೆ ದೊಡ್ಡದು, ಫಿಟ್ಸ್ ಎಂದೇ ಹೇಳಿ ಎಂದರು. ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ತನ್ನನ್ನು ಕುಡುಕನ ಹೆಂಡತಿ ಎಂದು ಮರುಕದಿಂದ ನೋಡುತ್ತಾರೆ, ಮರುಕ ತೋರಿಸುತ್ತಲೇ ಹೊಲಿಗೆಯ ಕೂಲಿಯಲ್ಲಿ ಚೌಕಾಸಿ ಮಾಡುತ್ತಾರೆ ಎಂದು ಅವರ ಸಂಕಟ. ಮೇಡಂ ಏನೋ ಹೇಳಲು ಹೊರಟಾಗ ಅಣ್ಣ ತಡೆದ.

"ಕುಡಿದಿದ್ದೆ ಅಂತ ಒಪ್ಕೊಂಡ್ರೆ ನನ್ನ ಮಾತು ಹೋಗುತ್ತೆ. ಫಿಟ್ಸ್ ಅಂದ್ರೆ ನನ್ನ ಕೆಲಸ ಹೋಗುತ್ತೆ. ಯಾವುದು ಹೋದ್ರೆ ನಿನಗೆ ಸಮಾಧಾನ, ನೀನೇ ಹೇಳು ಪುಟ್ಟಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಮೇಡಮ್ಮನ್ನು ಚುಚ್ಚಿತು. ಇಲ್ಲಿಯವರೆಗೆ ಅವನನ್ನು ದೂಡಿಕೊಂಡು ತಂದದ್ದು ತನ್ನದೇ ಕೈ. ಅವರು ಮೇಷ್ಟ್ರುಗಳ ಚಾಳಿಯಂತೆ ತಿರುಗಿ ಪ್ರಶ್ನೆ ಹಾಕಿದರು. ಮೂತ್ರಪಿಂಡ ಯಾಕೆ ಸೋರಿತು? ಅವನಿಗೆ ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡ ಇಲ್ಲ, ನೋವಿನ ಗುಳಿಗೆ ನುಂಗುವವನೂ ಅಲ್ಲ. ಆ ಕೋಣೆಯಲ್ಲಿ ಇನ್ನು ಯಾರ ಕಾಲಾದರೂ ಊದಿದೆಯೇ?

ಅಣ್ಣ ಯೋಚಿಸಿದ. ಈಚೆಗೆ ಎಲ್ಲರೂ ಬೂಟಿನ ದಾರ ಬಿಚ್ಚಿಕೊಂಡೇ ಕೆಲಸಕ್ಕೆ ಕೂರುತ್ತಾರೆ ಎಂದ. ಕೂತು ಕೂತು ಹೀಗಾಗುತ್ತದೆ ಎಂದುಕೊಂಡಿದ್ದರಂತೆ. ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೇ ಕೇಳಿಸಿತು. ಫ್ಯಾನು ಕೇಳಿ ಕೇಳಿ ಗಂಟಲು ಹರಿದುಕೊಂಡವನು ತನ್ನ ಕಾಲನ್ನೇ ನೋಡಿಕೊಂಡಿರಲಿಲ್ಲ.

ವಿಚಾರಣೆ ನಡೆದದ್ದು ಆಡಳಿತ ಕಚೇರಿಯ ಉದ್ದನೆಯ ಕೋಣೆಯಲ್ಲಿ. ಕಂಪನಿ ಕರೆಸಿದ್ದ ನಿವೃತ್ತ ನ್ಯಾಯಾಧೀಶರು ನಡುವೆ, ಒಂದು ಬದಿಗೆ ಮ್ಯಾನೇಜರ್, ಅವನ ಹಿಂದೆ ಸಾಕ್ಷಿ ಗಡಿಯಾರ. ಕೋಣೆಗೆ ತಂಪು ಗಾಳಿಯ ಯಂತ್ರ ಎರಡೆರಡು. ಆ ಕಟ್ಟಡದಲ್ಲಿ ಗಾಳಿಗೆ ಬರವಿರಲಿಲ್ಲ. ಪಾದರಸದ ಕೋಣೆಯ ಕೆಲಸಗಾರರು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಅತ್ತಿಗೆ ತಮ್ಮನ್ನೂ ಸಾಕ್ಷಿಯಾಗಿ ತೆಗೆದುಕೊಳ್ಳಬೇಕೆಂದು ಹಟ ಹಿಡಿದಿದ್ದರು. ತಾನು ಮೂಸಿದಷ್ಟು ಆ ಬಾಯಿಯನ್ನು ಯಾರೂ ಮೂಸಿಲ್ಲ, ಮ್ಯಾನೇಜರ್ ಒಮ್ಮೆಯಾದರೂ ಮೂಸಿದ್ದರೆ ಹೇಳಲಿ ಎಂದರು. ನ್ಯಾಯಾಧೀಶರು ಕೆಮ್ಮಿ, ಅಗತ್ಯಬಿದ್ದರೆ ಕರೆಯುವುದಾಗಿ ಹೇಳಿ ಕೂರಿಸಿದರು.

ಗಡಿಯಾರ ಕಂಡದ್ದನ್ನು ಕಂಡಂತೆ ಹೇಳಿದ. ಕಾಲು ಹೇಗೆ ತಡವರಿಸಿತು, ನಾಲಗೆ ಹೇಗೆ ಹೊರಳಿತು, ಕಣ್ಣು ಹೇಗೆ ಆಡಿತು. ಮೇಡಂ ಕೇಳುತ್ತಾ ಕೇಳುತ್ತಾ ಬೆರಗಾದರು; ಅಷ್ಟು ಚೊಕ್ಕವಾದ ಲಕ್ಷಣ ವರ್ಣನೆ ಅವರ ವಿದ್ಯಾರ್ಥಿಗಳಿಂದಲೂ ಬಂದಿರಲಿಲ್ಲ. ಆಮೇಲೆ ಅಣ್ಣ ಎದ್ದ. ರಾತ್ರಿಯೆಲ್ಲ ಯೋಚಿಸಿದ್ದನೋ, ಅಲ್ಲೇ ತೀರ್ಮಾನಿಸಿದನೋ ಗೊತ್ತಿಲ್ಲ.

"ನಾನು ಕುಡಿದಿರಲಿಲ್ಲ. ನನಗೆ ಫಿಟ್ಸ್ ಇದೆ, ಚಿಕ್ಕಂದಿನಿಂದ. ಅದರ ಮಾತ್ರೆ ಜಾಸ್ತಿಯಾಗಿತ್ತು."

ಮ್ಯಾನೇಜರನ ಮುಖ ಅರಳಿತು. ಕುಡಿತದ ಆರೋಪವನ್ನು ಈ ಗಳಿಗೆಯಲ್ಲೇ ಹಿಂದಕ್ಕೆ ಪಡೆಯುತ್ತೇವೆ, ಪಾಪ, ಇಂಥ ಕಾಯಿಲೆ ಇರುವವರನ್ನು ಗಾಜಿನ ಕೆಲಸದಲ್ಲಿ ಇಟ್ಟುಕೊಳ್ಳುವುದು ಅಮಾನವೀಯ, ವೈದ್ಯಕೀಯ ಕಾರಣದ ಮೇಲೆ ಗೌರವದಿಂದಲೇ ಬೀಳ್ಕೊಡುತ್ತೇವೆ ಎಂದ. ದಯೆ ಎಂಬುದು ಕಂಪನಿಯ ಬಾಯಲ್ಲಿ ಬಂದಾಗ ಕಾರ್ಮಿಕ ಬಾಗಿಲ ಕಡೆ ನೋಡಬೇಕು. ಅಣ್ಣ ಬಾಗಿಲ ಕಡೆ ನೋಡಲಿಲ್ಲ, ತಂಗಿಯ ಕಡೆ ನೋಡಿದ.

ಮೇಡಂ ಎದ್ದು ನಿಂತರು. ಮಾತ್ರೆ ಜಾಸ್ತಿಯಾಗಿಸಿದ್ದು ತಾನೇ ಎಂದು ಮೊದಲು ಹೇಳಿದರು. ಅಷ್ಟು ಹೇಳುವುದಕ್ಕೆ ನೀರು ಕುಡಿಯಬೇಕಾಯಿತು. ಆದರೆ ಅದೇ ಮಾತ್ರೆ ನುಂಗಿಕೊಂಡೇ ವರ್ಷಗಟ್ಟಲೆ ಒಂದು ಕಡ್ಡಿಯನ್ನೂ ಒಡೆಯದೆ ದುಡಿದವನು ಈಗ ಯಾಕೆ ತೂರಾಡಿದ ಎಂಬುದನ್ನು ಯಾರೂ ಕೇಳಲಿಲ್ಲವಲ್ಲ ಎಂದರು. ಅಣ್ಣನ ಪ್ಯಾಂಟು ಸರಿಸಿ ಹೆಬ್ಬೆರಳು ಒತ್ತಿ ತೋರಿಸಿದರು. ಊತ ಇಳಿಯುತ್ತಿದ್ದರೂ ಗುಂಡಿ ಇನ್ನೂ ಉಳಿಯುತ್ತಿತ್ತು.

"ಇದು ಫಿಟ್ಸ್‌ನಿಂದ ಬರಲ್ಲ. ಮೂತ್ರಪಿಂಡ ಸೋರಿದ್ರೆ ಬರುತ್ತೆ. ಪಾದರಸದ ಹವೆಯಿಂದ ಮೂತ್ರಪಿಂಡ ಸೋರುವುದುಂಟು. ಇಲ್ಲಿ ಅದೇ ಆಗಿದೆ ಅಂತ ಪರೀಕ್ಷೆ ಮಾಡದೆ ನಾನು ಹೇಳಲ್ಲ. ಆದ್ರೆ ಆ ಕೋಣೆಯ ಎಲ್ಲರನ್ನೂ ಪರೀಕ್ಷೆ ಮಾಡದೆ ಇವನೊಬ್ಬನ ಮೈ ಕೆಟ್ಟದ್ದು ಅಂತ ನೀವೂ ಹೇಳೋಹಾಗಿಲ್ಲ."

ಮನೆಯ ಕಾಯಿಲೆಯನ್ನು ಕಂಪನಿಯ ಬಾಗಿಲಿಗೆ ತಂದು ಕಟ್ಟುತ್ತಿದ್ದಾರೆ ಎಂದು ಮ್ಯಾನೇಜರ್ ನ್ಯಾಯಾಧೀಶರ ಕಡೆ ತಿರುಗಿದ. ನ್ಯಾಯಾಧೀಶರು ಅಲ್ಲಿರಲಿಲ್ಲ, ಅಂದರೆ ಇದ್ದರು, ಮೇಜಿನ ಕೆಳಗೆ ಬಾಗಿ ತಮ್ಮ ಕಾಲನ್ನು ಒತ್ತಿ ನೋಡಿಕೊಳ್ಳುತ್ತಿದ್ದರು. ಮೇಲೆದ್ದು ಕನ್ನಡಕ ಸರಿಮಾಡಿಕೊಂಡು, ವಯಸ್ಸಾದವರಿಗೆ ಇದು ಸುಮ್ಮನೆಯೂ ಬರಬಹುದೇ ಎಂದು ಕೇಳಿದರು. ಬರಬಹುದು ಎಂದರು ಮೇಡಂ. ಅವರಿಗೆ ಸಮಾಧಾನವಾಯಿತು.

ಆಗ ಕುರ್ಚಿ ಎಳೆದ ಸದ್ದಾಯಿತು. ಗಡಿಯಾರ ಬಗ್ಗಿ ಬೂಟಿನ ಒಂದು ದಾರ ಬಿಚ್ಚುತ್ತಿದ್ದ. ಕಾಲುಚೀಲ ಇಳಿಸಿದಾಗ ಅದರ ರಬ್ಬರು ಕೂತ ಜಾಗದಲ್ಲಿ ಕಾಲಿನ ಸುತ್ತ ಆಳವಾದ ಬಳೆ ಬಿದ್ದಿತ್ತು. ಮೇಡಂ ಒತ್ತಿದ ಜಾಗವನ್ನೇ ಹುಡುಕಿ ಹೆಬ್ಬೆರಳು ಒತ್ತಿದ. ತೆಗೆದ. ಕಾದ. ಪಾದರಸದ ಕೋಣೆಯಲ್ಲಿ ಎಷ್ಟೋ ವರ್ಷಗಳಿಂದ ಇನ್ನೊಬ್ಬರ ಹೊತ್ತು ಕಾಯುವುದೇ ಅವನ ಕೆಲಸವಾಗಿತ್ತು. ಇಷ್ಟು ಗಮನವಿಟ್ಟು ಅವನು ಏನನ್ನೂ ಕಾದದ್ದನ್ನು ಅಣ್ಣ ಕಂಡಿರಲಿಲ್ಲ.

"ಮೇಡಂ, ಇದು ಎಷ್ಟು ಹೊತ್ತಿಗೆ ಮೇಲೆ ಬರಬೇಕು?"

"ಗುಂಡಿ ಬೀಳಲೇಬಾರದಿತ್ತು," ಎಂದರು ಮೇಡಂ.

ಗಡಿಯಾರ ಕಾಲುಚೀಲವನ್ನು ಮೇಲೆಳೆಯಲಿಲ್ಲ. ಸೊಂಟದ ಪಟ್ಟಿಯಿಂದ ಒಂದು ಕೀಲಿ ಬಿಚ್ಚಿ ಮೇಜಿನ ಮೇಲೆ, ಮ್ಯಾನೇಜರನ ಚಹಾದ ಬಟ್ಟಲಿನ ಪಕ್ಕಕ್ಕೆ ಇಟ್ಟ.

"ಏನ್ರೀ ಇದು?" ಎಂದ ಮ್ಯಾನೇಜರ್.

"ಪಾದರಸ ತುಂಬೋ ಕೋಣೆ ಕೀಲಿ ಸಾರ್. ನಾಳೆ ಬೆಳಿಗ್ಗೆ ನೀವೇ ಹೋಗಿ ತೆಗೀರಿ."

ಮ್ಯಾನೇಜರ್ ಕೀಲಿಯನ್ನು ನೋಡಿದ. ಪಾದರಸ ಗಾಜಿನೊಳಗಷ್ಟೇ ಇರುತ್ತದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದವನ ಕೈ ಆ ಕೀಲಿಯ ಕಡೆ ಹೋಗಲಿಲ್ಲ. ಬಟ್ಟಲನ್ನೇ ಸ್ವಲ್ಪ ಆಚೆ ಸರಿಸಿಕೊಂಡ. ಬಾಗಿಲಲ್ಲಿ ತಲೆಗಳು ಕಾಣಿಸಿಕೊಂಡವು. ಮೆಟ್ಟಿಲ ಮೇಲಿದ್ದವರು ಒಬ್ಬರ ಭುಜದ ಮೇಲೊಬ್ಬರು ಇಣುಕುತ್ತಿದ್ದರು. ಕೆಲವರ ಕೈಯಲ್ಲಿ ಆಗಲೇ ಬೂಟುಗಳಿದ್ದವು.

ನ್ಯಾಯಾಧೀಶರು ಕುಡಿತದ ಆರೋಪ ಬಿದ್ದುಹೋಯಿತು ಎಂದರು. ಕಾಯಿಲೆಯ ಕಾರಣಕ್ಕೆ ಬಿಡುಗಡೆ ಎಂದಾದರೆ ಕಂಪನಿಯ ಸಾಕ್ಷಿಯನ್ನೂ ಜೊತೆಗೇ ಬಿಡುಗಡೆ ಮಾಡಬೇಕಾಗುತ್ತದೆ, ಬಾಗಿಲಲ್ಲಿ ನಿಂತವರನ್ನೂ. ಅಷ್ಟೂ ಜನರ ಪರೀಕ್ಷೆ ಮುಗಿಯುವವರೆಗೆ ಅಮಾನತು ರದ್ದು, ಕಾರ್ಯದರ್ಶಿ ಪ್ಯಾಕಿಂಗ್ ವಿಭಾಗದಲ್ಲಿ ಕೂರಲಿ ಎಂದರು. ಮ್ಯಾನೇಜರ್ ಬಾಗಿಲ ತಲೆಗಳನ್ನು ಒಮ್ಮೆ ಎಣಿಸಿದಂತೆ ಮಾಡಿ, ಆಗಲಿ ಎಂದ.

ಅಣ್ಣ ಪ್ಯಾಂಟಿನ ಮಡಿಕೆ ಇಳಿಸಿಕೊಂಡು ನೆಟ್ಟಗೆ ನಿಂತ. ಗೋಡೆ ಹತ್ತಿರವೇ ಇತ್ತು, ಹಿಡಿಯಲಿಲ್ಲ.

"ಪರೀಕ್ಷೆ ಆಗೋವರೆಗೆ ಆ ಕೋಣೆಗೆ ಯಾರೂ ಹೋಗಲ್ಲ. ಇದನ್ನ ಹೊರಗಿನೋನು ಹೇಳ್ತಿಲ್ಲ ಸಾರ್. ನಾನಿನ್ನೂ ಇಲ್ಲಿ ಕೆಲಸದಲ್ಲಿದ್ದೀನಿ."